ಮೀಟರಿನ ಹೆಸರು ಹೊತ್ತ ಗಾಡಿ

ಟ್ಯಾಕ್ಸಿ ಎಂಬುದು ಮೂಲತಃ ಗಾಡಿಯ ಹೆಸರಲ್ಲ, ಗಾಡಿಯಲ್ಲಿ ಕೂರಿಸಿದ ಒಂದು ಯಂತ್ರದ ಹೆಸರು. ಜರ್ಮನಿಯ ವಿಲ್‌ಹೆಲ್ಮ್ ಬ್ರೂನ್ ಎಂಬಾತ 1891ರಲ್ಲಿ ಬಾಡಿಗೆಯ ಮೊತ್ತವನ್ನು ಲೆಕ್ಕ ಹಾಕಿ ತೋರಿಸುವ ‘ಟ್ಯಾಕ್ಸಿಮೀಟರ್’ ರೂಪಿಸಿದ. 1897ರಲ್ಲಿ ಡೈಮ್ಲರನ ಮೋಟಾರು ಗಾಡಿಗೆ ಅದು ಸೇರಿತು. 1907ರಲ್ಲಿ ಲಂಡನ್ ನಗರ ಅದನ್ನು ಕಡ್ಡಾಯಗೊಳಿಸಿತು. ಯಂತ್ರದ ಹೆಸರೇ ಮೊಟಕಾಗಿ ಗಾಡಿಗೆ ಅಂಟಿಕೊಂಡಿತು. ಇಂದು ನಾವು ಮೊಬೈಲಿನಲ್ಲಿ ಕರೆಸಿಕೊಂಡು ಕಚೇರಿಗೆ ಹೋಗುವ ಗಾಡಿಯ ಬಾಡಿಗೆಯನ್ನು ನಿರ್ಧರಿಸುವುದು ಆ ಯಂತ್ರವಲ್ಲ. ಈ ಬದಲಾವಣೆ ಮೇಲ್ನೋಟಕ್ಕೆ ತೋರುವಷ್ಟು ಸಣ್ಣದಲ್ಲ.

ಬಾಡಿಗೆ ಗಾಡಿಯ ಇತಿಹಾಸವೆಂದರೆ ಬಹುಮಟ್ಟಿಗೆ ದರದ ಜಗಳದ ಇತಿಹಾಸ. ಲಂಡನ್ನಿನ ಹ್ಯಾಕ್ನಿ ಗಾಡಿಗಳನ್ನು ಹತೋಟಿಯಲ್ಲಿಡಲು ಅಲ್ಲಿನ ಆಡಳಿತ 1654ರಷ್ಟು ಹಿಂದೆಯೇ ಕಟ್ಟಳೆ ಹೊರಡಿಸಿತ್ತು. ಅದೇ ಹೆಸರಿನ ಕಾಯಿದೆ 1879ರಲ್ಲಿ ನಮ್ಮ ದೇಶಕ್ಕೂ ಬಂತು. ಆದರೆ ಕಾಗದದ ಮೇಲೆ ದರಪಟ್ಟಿ ಇದ್ದರೂ ದೂರವನ್ನು ಅಳೆಯುವವರು ಯಾರು? ಜಟಕಾದವನದು ಒಂದು ಅಂದಾಜು, ಹತ್ತಿದವನದು ಇನ್ನೊಂದು. ಮೀಟರು ಬಗೆಹರಿಸಿದ್ದು ಈ ತಕರಾರನ್ನು.

ಮುಂಬಯಿಯ ರಸ್ತೆಗಳಿಗೆ ಮೋಟಾರು ಟ್ಯಾಕ್ಸಿ ಬಂದದ್ದು 1911ರಲ್ಲಿ. ಮುಂದೆ ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ ಕಪ್ಪು–ಹಳದಿ ಬಣ್ಣ ಬಳಿದುಕೊಂಡು ಈ ನಗರದ ಗುರುತೇ ಆಯಿತು. ಅದರ ಮೀಟರು ಗಾಡಿಯ ಹೊರಗೆ, ಎಡಬದಿಗೆ ಇರುತ್ತಿತ್ತು. ಚಾಲಕ ಕೈಚಾಚಿ ಅದರ ಬಾವುಟವನ್ನು ಕೆಳಗೆ ತಿರುಗಿಸಿದನೆಂದರೆ ಲೆಕ್ಕ ಶುರು. ದರ ಏರಿದಾಗಲೆಲ್ಲ ಯಂತ್ರವನ್ನು ಬದಲಿಸಲಾಗದೆ, ಮೀಟರಿನ ಅಂಕಿಗೆ ಎಷ್ಟು ರೂಪಾಯಿ ಎಂದು ಮುದ್ರಿಸಿದ ಕಾರ್ಡನ್ನು ಚಾಲಕರು ಇಟ್ಟುಕೊಳ್ಳುತ್ತಿದ್ದರು. ಚರ್ಚ್‌ಗೇಟಿನಿಂದ ನರಿಮನ್ ಪಾಯಿಂಟಿಗೆ ಸರದಿಯಲ್ಲಿ ನಿಂತು ಶೇರ್ ಟ್ಯಾಕ್ಸಿ ಹಿಡಿಯುವ ನೌಕರರಿಗೂ ತಲೆಗೆ ಇಷ್ಟೆಂದು ಮೊದಲೇ ಗೊತ್ತು. ಮೀಟರು ಕೆಟ್ಟಿರಬಹುದು, ಅದನ್ನು ತಿರುಚಿರಲೂಬಹುದು. ಆದರೂ ಇಬ್ಬರು ನೋಡುತ್ತಿದ್ದುದು ಒಂದೇ ಅಂಕಿಯನ್ನು. ದರವನ್ನು ಗೊತ್ತುಮಾಡುತ್ತಿದ್ದುದು ಸರ್ಕಾರ.

ಓಲಾ 2010ರಲ್ಲಿ ಮುಂಬಯಿಯಲ್ಲೇ ಹುಟ್ಟಿ ಬಳಿಕ ಬೆಂಗಳೂರು ಸೇರಿತು. ಊಬರ್ 2013ರಲ್ಲಿ ಬೆಂಗಳೂರಿನ ಮೂಲಕವೇ ಭಾರತಕ್ಕೆ ಕಾಲಿಟ್ಟಿತು. ಇವುಗಳಿಂದಾದ ಉಪಕಾರ ಸುಳ್ಳಲ್ಲ. ಊರಿಗೆ ಹೊಸಬರಾದ, ಅಲ್ಲಿನ ಭಾಷೆ ಬಾರದ ನಮ್ಮವರು ವಿಳಾಸ ಹೇಳಲು ತಡವರಿಸಬೇಕಿಲ್ಲ. ತಡರಾತ್ರಿ ಕೆಲಸ ಮುಗಿಸಿ ಹೊರಡುವ ಹೆಣ್ಣುಮಗಳು ಯಾವ ಗಾಡಿಯಲ್ಲಿದ್ದಾಳೆಂದು ಮನೆಯವರಿಗೆ ತಿಳಿಯುತ್ತದೆ. ಆದರೆ ಬಾಡಿಗೆಯ ಅಂಕಿ ಎರಡು ಮೊಬೈಲುಗಳಿಗೆ ಹಂಚಿಹೋಯಿತು. ಪ್ರಯಾಣಿಕ ತೆತ್ತದ್ದು ಒಂದು, ಚಾಲಕನ ಕೈಸೇರಿದ್ದು ಇನ್ನೊಂದು. ನಡುವಿನ ಲೆಕ್ಕ ಕಂಪನಿಗೆ ಮಾತ್ರ ಗೊತ್ತು. ಮಳೆ ಸುರಿಯುವ ಬೆಳಿಗ್ಗೆ, ಎಲ್ಲರೂ ಒಟ್ಟಿಗೆ ಹೊರಡುವ ಹೊತ್ತಿನಲ್ಲೇ ದರವೂ ಏರುತ್ತದೆ. ದಿನವೂ ಅದೇ ಹೊತ್ತಿಗೆ ಹೊರಡಲೇಬೇಕಾದ ನೌಕರನಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಕಾನೂನು ನಿಧಾನವಾಗಿ ಬೆನ್ನಟ್ಟಿ ಬಂತು. 2019ರ ತಿದ್ದುಪಡಿ ಇಂಥ ಕಂಪನಿಗಳನ್ನು ಮೋಟಾರು ವಾಹನ ಕಾಯಿದೆಯೊಳಗೆ ತಂದಿತು. 2020ರ ಕೇಂದ್ರ ಮಾರ್ಗಸೂಚಿ, ಏರಿಕೆ ಮೂಲದರದ ಒಂದೂವರೆ ಪಟ್ಟನ್ನು ಮೀರಬಾರದು, ಬಾಡಿಗೆಯ ಕನಿಷ್ಠ ಶೇ. 80ರಷ್ಟು ಚಾಲಕನಿಗೆ ಸಲ್ಲಬೇಕು ಎಂದಿತು. 2025ರ ಮಾರ್ಗಸೂಚಿ ಏರಿಕೆಯ ಮಿತಿಯನ್ನು ಎರಡು ಪಟ್ಟಿಗೆ ಸಡಿಲಿಸಿತು. ಇತ್ತ ಬೆಂಗಳೂರಿನ ಆಟೋ ಚಾಲಕರು 2022ರಲ್ಲಿ ‘ನಮ್ಮ ಯಾತ್ರಿ’ಯ ಜೊತೆಗೂಡಿ, ಪ್ರತಿ ಬಾಡಿಗೆಯಲ್ಲೂ ಕಮಿಷನ್ ಕಡಿತವಾಗದ ಬೇರೆ ದಾರಿ ಹಿಡಿದರು.

2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಇಪ್ಪತ್ತು ವರ್ಷದ ಆಯುಷ್ಯ ತೀರಿದಾಗ ಪತ್ರಿಕೆಗಳು ಅಕ್ಕರೆಯಿಂದ ಬೀಳ್ಕೊಟ್ಟವು. ಗಾಡಿ ಹಳತಾಗಿತ್ತು, ಹೋಗಬೇಕಿತ್ತು. ಆದರೆ ಅದರ ಬದಿಗಿದ್ದ ಮೀಟರಿನ ತತ್ತ್ವ ಹಳತಾಗಿಲ್ಲ. ಪ್ರಯಾಣಿಕ ಕೊಟ್ಟದ್ದೆಷ್ಟು, ಚಾಲಕನಿಗೆ ಸಂದದ್ದೆಷ್ಟು ಎಂಬ ಎರಡೂ ಅಂಕಿಗಳು ಇಬ್ಬರ ಮೊಬೈಲಿನಲ್ಲೂ ಕಾಣಲಿ ಎಂದು ಕೇಳುವುದು ಹೊಸ ಬೇಡಿಕೆಯೇನಲ್ಲ. ಟ್ಯಾಕ್ಸಿ ಎಂಬ ಹೆಸರಿನಲ್ಲೇ ಅದು ಅಡಗಿದೆ.