ಸಮುದಾಯದಲ್ಲಿ ತಗಲುವ ನ್ಯುಮೋನಿಯಾ: ಕಾರಣ ಮತ್ತು ಚಿಕಿತ್ಸೆಯ ಇತಿಹಾಸ

ಇದು ಆಸ್ಪತ್ರೆಯ ಹೊರಗೆ, ದಿನನಿತ್ಯದ ಬದುಕಿನಲ್ಲಿ ಶ್ವಾಸಕೋಶಕ್ಕೆ ತಗಲುವ ಸೋಂಕು. ಗಾಳಿಗೂಡುಗಳಲ್ಲಿ ದ್ರವ, ಕೀವು ತುಂಬಿ ಜ್ವರ, ಕೆಮ್ಮು, ಏದುಸಿರು ಕಾಣಿಸಿಕೊಳ್ಳುತ್ತವೆ. ಪ್ರಮುಖ ಕಾರಣವಾದ ನ್ಯುಮೊಕಾಕಸ್ ಬ್ಯಾಕ್ಟೀರಿಯಾವನ್ನು 1881ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಮತ್ತು ಅಮೆರಿಕದ ಜಾರ್ಜ್ ಸ್ಟರ್ನ್‌ಬರ್ಗ್ ಬೇರೆಬೇರೆಯಾಗಿ ಗುರುತಿಸಿದರು. ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಗ್ರಾಮ್ ಬಣ್ಣವಿಧಾನ ರೂಪುಗೊಂಡದ್ದೂ ಈ ರೋಗದ ಅಧ್ಯಯನದಲ್ಲೇ: 1884ರಲ್ಲಿ ಬರ್ಲಿನ್ನಿನಲ್ಲಿ, ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕುಗಳ ಮೇಲೆ.

ಮೊದಲ ನಿರ್ದಿಷ್ಟ ಚಿಕಿತ್ಸೆ ಕುದುರೆಯ ರಕ್ತದಿಂದ ತಯಾರಿಸಿದ ಸೀರಂ. ನ್ಯುಮೊಕಾಕಸ್‌ನಲ್ಲಿ ಹಲವು ಬಗೆಗಳಿದ್ದು, ಒಂದಕ್ಕೆ ಮಾಡಿದ ಸೀರಂ ಇನ್ನೊಂದಕ್ಕೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಕಫ ಪರೀಕ್ಷಿಸಿ ಬಗೆಯನ್ನು ತಿಳಿಯದೆ ಸರಿಯಾದ ಸೀರಂ ಆರಿಸುವಂತಿರಲಿಲ್ಲ. ಬಗೆ ಯಾವುದಾದರೂ ಕೆಲಸ ಮಾಡುವ ಸಲ್ಫಾಪಿರಿಡಿನ್ ಎಂಬ ಔಷಧ ಈ ಕಟ್ಟನ್ನು ಸಡಿಲಿಸಿತು. 1938ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಅದನ್ನು ಪಡೆದ 100 ರೋಗಿಗಳಲ್ಲಿ 8 ಮಂದಿ ಸತ್ತರೆ, ಪಡೆಯದ 100 ಮಂದಿಯಲ್ಲಿ 27 ಮಂದಿ ಸತ್ತಿದ್ದರು. ಬೆನ್ನಿಗೇ ಪೆನಿಸಿಲಿನ್ ಬಂತು. ಬಗೆ ಗುರುತಿಸುವ ಶ್ರಮವನ್ನು ಆಸ್ಪತ್ರೆಗಳು ಕೈಬಿಟ್ಟವು.

ಆದರೆ ಎಲ್ಲ ನ್ಯುಮೋನಿಯಾವೂ ಪೆನಿಸಿಲಿನ್‌ಗೆ ಬಗ್ಗಲಿಲ್ಲ. ಪೆನಿಸಿಲಿನ್ ದಾಳಿ ಮಾಡುವುದು ಬ್ಯಾಕ್ಟೀರಿಯಾದ ಕೋಶಭಿತ್ತಿಯ ಮೇಲೆ. ನ್ಯುಮೋನಿಯಾ ತರುವ ಇನ್ನೊಂದು ಬ್ಯಾಕ್ಟೀರಿಯಾವಾದ ಮೈಕೊಪ್ಲಾಸ್ಮಾಕ್ಕೆ ಆ ಭಿತ್ತಿಯೇ ಇಲ್ಲ. ಅದಕ್ಕೆ ನಾಟಿದ್ದು ಟೆಟ್ರಾಸೈಕ್ಲಿನ್ ವರ್ಗ. ಆ ವರ್ಗದ ಮೊದಲ ಔಷಧ ಆರಿಯೊಮೈಸಿನ್ 1948ರಲ್ಲಿ ಹೊರಬಂದದ್ದು ಭೀಮಾವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ಮುನ್ನಡೆಸುತ್ತಿದ್ದ ಸಂಶೋಧನಾ ವಿಭಾಗದಿಂದ. ಅವರ ಹೆಸರಿಗೆ ಸಲ್ಲಬೇಕಾದಷ್ಟು ಮನ್ನಣೆ ಇನ್ನೂ ಸಂದಿಲ್ಲ. 1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ಕಾಣಿಸಿಕೊಂಡ ಮಾರಕ ನ್ಯುಮೋನಿಯಾಕ್ಕೆ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ಮರುವರ್ಷ ತಿಳಿಯಿತು. ಅದು ನಮ್ಮ ಜೀವಕೋಶಗಳ ಒಳಗೇ ಬೆಳೆಯುವುದರಿಂದ, ಕೋಶದೊಳಕ್ಕೆ ಇಳಿಯಬಲ್ಲ ಎರಿತ್ರೊಮೈಸಿನ್ ಫಲ ಕೊಟ್ಟಿತು.

ಇಂದಿನ ರೂಢಿ ಈ ಅನುಭವಗಳಿಂದಲೇ ಬೆಳೆದದ್ದು. ಕಾರಣ ತಿಳಿಯುವವರೆಗೆ ಕಾಯುವಂತಿಲ್ಲವಾದ್ದರಿಂದ, ಆಸ್ಪತ್ರೆಗೆ ದಾಖಲಾದವರಿಗೆ ಸಾಮಾನ್ಯವಾಗಿ ಸೆಫ್ಟ್ರಿಯಾಕ್ಸೋನ್‌ನಂಥ ಬೀಟಾ-ಲ್ಯಾಕ್ಟಮ್ (ಪೆನಿಸಿಲಿನ್ ಸೇರಿರುವ ವರ್ಗ) ಜೊತೆ ಎರಿತ್ರೊಮೈಸಿನ್ ವರ್ಗದ ಅಜಿತ್ರೊಮೈಸಿನ್ ಕೊಡುತ್ತಾರೆ. ಸೌಮ್ಯ ರೋಗಕ್ಕೆ ಅಮಾಕ್ಸಿಸಿಲಿನ್ ಅಥವಾ ಡಾಕ್ಸಿಸೈಕ್ಲಿನ್ ಮಾತ್ರೆ ಸಾಕಾಗಬಹುದು. ಬೇಗ ಚೇತರಿಸಿಕೊಳ್ಳುವವರಿಗೆ 5 ದಿನಗಳ ಚಿಕಿತ್ಸೆ ಸಾಲುತ್ತದೆ. ವೈರಸ್‌ನಿಂದ ಬಂದದ್ದಕ್ಕೆ ಇವು ಯಾವುವೂ ಕೆಲಸ ಮಾಡವು. 1960ರ ದಶಕದಿಂದಲೇ ಪೆನಿಸಿಲಿನ್‌ಗೆ ಮಣಿಯದ ನ್ಯುಮೊಕಾಕಸ್ ಕಾಣಿಸಿಕೊಂಡಿರುವುದರಿಂದ ತಡೆಗಟ್ಟುವಿಕೆಗೆ ತೂಕ ಹೆಚ್ಚಿದೆ. ಮಕ್ಕಳಿಗೆ ನ್ಯುಮೊಕಾಕಲ್ ಲಸಿಕೆ ಹಾಕುವ ಕಾರ್ಯಕ್ರಮ 2017ರಲ್ಲಿ ಭಾರತದ ಕೆಲವು ರಾಜ್ಯಗಳಲ್ಲಿ ಆರಂಭವಾಗಿ 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ಕ್ಷಯ ವ್ಯಾಪಕವಾಗಿರುವ ನಮ್ಮಲ್ಲಿ, ನ್ಯುಮೋನಿಯಾಕ್ಕೆ ಬಳಸುವ ಮತ್ತೊಂದು ಔಷಧವಾದ ಲೆವೊಫ್ಲಾಕ್ಸಾಸಿನ್ ಕೊಡುವಾಗ ವಿಶೇಷ ಎಚ್ಚರ ಬೇಕು: ಅದು ಕ್ಷಯದ ಲಕ್ಷಣಗಳನ್ನು ತಾತ್ಕಾಲಿಕವಾಗಿ ತಗ್ಗಿಸಿ ರೋಗಪತ್ತೆಯನ್ನು ತಡಮಾಡುತ್ತದೆ.