ಯಾರಿಗೆ ಬಡ್ತಿ? – ಒಂದು ಆಟದ ಐವತ್ತು ವರ್ಷ

ಪಗಡೆ, ಚೌಕಾಬಾರ, ಹಾವು-ಏಣಿ ಆಡಿ ಬೆಳೆದ ನಮಗೆ ದಾಳವೆಂದರೆ ಕಾಯಿ ನಡೆಸುವ ಸಾಧನ. ಆದರೆ ದಾಳ ಉರುಳಿಸಿ ಕಥೆ ಕಟ್ಟುವ ಆಟವೊಂದಿದೆ. ಮೇಜಿನ ಸುತ್ತ ಕುಳಿತ ನಾಲ್ಕಾರು ಮಂದಿ ಒಬ್ಬೊಬ್ಬರೂ ಒಂದೊಂದು ಪಾತ್ರವಾಗುತ್ತಾರೆ. ಸೂತ್ರಧಾರನೊಬ್ಬ ಅವರ ಮುಂದೆ ಕಾಡು, ಕೋಟೆ, ರಾಕ್ಷಸರನ್ನು ತಂದು ನಿಲ್ಲಿಸುತ್ತಾನೆ. ಸಾಹಸ ಮಾಡಿದಂತೆಲ್ಲ ಪಾತ್ರಕ್ಕೆ ಅನುಭವದ ಅಂಕಗಳು ಸೇರಿ, ಅದು ಒಂದೊಂದೇ ಮಟ್ಟ ಮೇಲೇರುತ್ತದೆ. ಸೀನಿಯಾರಿಟಿ ಪಟ್ಟಿ, ಇಲಾಖಾ ಪರೀಕ್ಷೆ, ಖಾಲಿ ಹುದ್ದೆಗಳ ನಡುವೆ ಬದುಕು ಸವೆಸುವ ನಮ್ಮಂಥ ಸರ್ಕಾರಿ ನೌಕರರಿಗೆ ಈ ಆಟದ ಚರಿತ್ರೆ ಬಲು ಪರಿಚಿತವೆನಿಸುತ್ತದೆ. ಮೇಲಿನ ಸ್ಥಾನ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯೇ ಅದರ ಉದ್ದಕ್ಕೂ ಹರಿದಿದೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಇದು ಹೊರಬಂದಿತು. ರಚಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಗೈಗ್ಯಾಕ್ಸ್ ಹಿಂದೆ ವಿಮಾ ಕಂಪನಿಯಲ್ಲಿ ಕೆಲಸ ಮಾಡಿದ್ದವರು. ಮೊದಲು ಅಚ್ಚಾದದ್ದು ಸಾವಿರ ಪ್ರತಿ ಮಾತ್ರ. ಆಗ ಇದ್ದ ವರ್ಗಗಳು ಮೂರೇ: ಯೋಧ, ಮಾಂತ್ರಿಕ, ಪುರೋಹಿತ. ಎಲ್ಲರೂ ಮನುಷ್ಯರಾಗಬೇಕಿರಲಿಲ್ಲ, ಎಲ್ಫ್, ಡ್ವಾರ್ಫ್ ಮುಂತಾದ ಕುಲಗಳೂ ಇದ್ದವು. ಆದರೆ ಡ್ವಾರ್ಫ್ ಯೋಧ ಎಷ್ಟೇ ಪರಾಕ್ರಮಿಯಾದರೂ ಆರನೆಯ ಮಟ್ಟಕ್ಕೇ ನಿಲ್ಲಬೇಕಿತ್ತು. ಮನುಷ್ಯ ಯೋಧನಿಗೆ ಅಂಥ ತಡೆ ಇರಲಿಲ್ಲ.

ಮರುವರ್ಷ, 1975ರಲ್ಲಿ, ಗ್ರೇಹಾಕ್ ಎಂಬ ಪುರವಣಿಯಲ್ಲಿ ಪಾಲಡಿನ್ ಎಂಬ ಧರ್ಮವೀರ ಬಂದ. ಸಾಮಾನ್ಯ ಯೋಧನಿಗಿಂತ ಇವನ ಸ್ಥಾನ ಮೇಲು. ಆಗಬೇಕಾದರೆ ವರ್ಚಸ್ಸು 17ಕ್ಕೆ ಕಡಿಮೆ ಇರಕೂಡದು. ಈ ಗುಣಗಳು ನಿರ್ಧಾರವಾಗುತ್ತಿದ್ದುದು ಆಟದ ಆರಂಭದಲ್ಲಿ ಮೂರು ದಾಳ ಉರುಳಿಸಿ. ಮೂರು ದಾಳ 216 ಬಗೆಯಲ್ಲಿ ಬೀಳಬಹುದು. 17 ಅಥವಾ 18 ಬರುವುದು ನಾಲ್ಕೇ ಬಗೆಯಲ್ಲಿ. ಅಂದರೆ ಐವತ್ನಾಲ್ಕು ಮಂದಿಯಲ್ಲಿ ಒಬ್ಬನಿಗೆ ಆ ಯೋಗ. ಉಳಿದ ಐವತ್ಮೂರು ಮಂದಿ ಎಷ್ಟೇ ದುಡಿದರೂ ಬಾಗಿಲು ತೆರೆಯದು. ಇದು ಹುಟ್ಟಿನಿಂದ ಬಂದ ಪದವಿ.

1978ರ ಕೈಪಿಡಿಯಲ್ಲಿ ಇನ್ನೆರಡು ದಾರಿ ಕಾಣಿಸಿದವು. ಡ್ರೂಯಿಡ್ ಎಂಬ ವನಪುರೋಹಿತರ ತುದಿಯ ಹುದ್ದೆ ಒಂದೇ ಒಂದು. ಅಲ್ಲಿ ಕುಳಿತವನನ್ನು ಕಾಳಗದಲ್ಲಿ ಸೋಲಿಸಿದರಷ್ಟೇ ಮುಂದಿನವನಿಗೆ ಜಾಗ. ಬಾರ್ಡ್ ಎಂಬ ಗಾಯಕನಾಗಬೇಕಾದವನು ಮೊದಲು ಯೋಧನಾಗಿ ಐದನೆಯ ಮಟ್ಟವನ್ನಾದರೂ ಮುಟ್ಟಬೇಕು, ಅನಂತರ ಕಳ್ಳನ ವಿದ್ಯೆಯಲ್ಲೂ ಅಷ್ಟೇ ಪಳಗಬೇಕು, ಆಮೇಲೆ ಡ್ರೂಯಿಡರ ಬಳಿ ಶಿಷ್ಯನಾಗಬೇಕು. ಇದಕ್ಕೂ ಹುಟ್ಟುಗುಣಗಳ ಕಟ್ಟುಪಾಡು ಇದ್ದೇ ಇತ್ತು. ಆದರೂ ದುಡಿದು ಗಳಿಸುವ ಪದವಿಯ ಬೀಜ ಇಲ್ಲಿ ಬಿದ್ದಿತೆನ್ನಬೇಕು.

ಆ ಬೀಜ ಮೊಳೆತದ್ದು 2000ದಲ್ಲಿ, ಮೂರನೆಯ ಆವೃತ್ತಿಯಲ್ಲಿ. ಕುಲಕ್ಕೊಂದು ಮಿತಿ ಎಂಬುದು ಹೋಯಿತು. ಪಾಲಡಿನ್ ಯಾರು ಬೇಕಾದರೂ ಆಗಬಹುದಾಯಿತು. ಜೊತೆಗೆ 'ಪ್ರೆಸ್ಟೀಜ್ ಕ್ಲಾಸ್' ಎಂಬ ಪ್ರತಿಷ್ಠಾ ವರ್ಗಗಳು ಹುಟ್ಟಿದವು. ಇವುಗಳಿಗೆ ನೇರ ನೇಮಕವಿಲ್ಲ, ಅರ್ಹತೆ ಗಳಿಸಿಯೇ ಸೇರಬೇಕು. ಲೋರ್‌ಮಾಸ್ಟರ್ ಎಂಬ ಪಂಡಿತನಾಗಲು ಎರಡು ಶಾಸ್ತ್ರಗಳಲ್ಲಿ ಹತ್ತು ಹತ್ತು ಅಂಕದ ಪರಿಣತಿ ಬೇಕಿತ್ತು. ಏಳನೆಯ ಮಟ್ಟಕ್ಕೆ ಮುಂಚೆ ಅದು ಸಾಧ್ಯವೇ ಇರಲಿಲ್ಲ. ಹುಟ್ಟಿನ ನೆರಳು ಪೂರ್ತಿ ಅಳಿಯಲಿಲ್ಲವೆನ್ನಿ: ಬಾಣಕ್ಕೆ ಮಂತ್ರ ತುಂಬುವ ಆರ್ಕೇನ್ ಆರ್ಚರ್ ಆಗಲು ಎಲ್ಫ್ ಇಲ್ಲವೇ ಅರ್ಧ ಎಲ್ಫ್ ಆಗಿರಬೇಕಿತ್ತು.

ಇಂಥ ವರ್ಗ ರಚಿಸುವುದು ಸೂಕ್ಷ್ಮದ ಕೆಲಸ. ಅದು ಮೂಲ ವರ್ಗಕ್ಕಿಂತ ತೀರ ಬಲವಾಗಿದ್ದರೆ ಹಳೆಯ ವರ್ಗದಲ್ಲಿ ಯಾರೂ ಉಳಿಯುವುದಿಲ್ಲ. ದುರ್ಬಲವಾದರೆ ಯಾರೂ ಸೇರುವುದಿಲ್ಲ. ಲೋರ್‌ಮಾಸ್ಟರನಿಗೆ ಮಟ್ಟ ಏರಿದಂತೆ ಮಂತ್ರಶಕ್ತಿಯೂ ಏರುತ್ತಿತ್ತು. ಆರ್ಕೇನ್ ಆರ್ಚರನಿಗೆ ಹಾಗಲ್ಲ. ಅವನ ಬಿಲ್ಲು ಬೆಳೆಯಿತು, ಮಂತ್ರ ಅಲ್ಲೇ ನಿಂತಿತು. ಒಂದನ್ನು ಬಿಟ್ಟುಕೊಟ್ಟೇ ಇನ್ನೊಂದನ್ನು ಪಡೆಯಬೇಕು.

ಈ ವರ್ಗಗಳನ್ನು ಮೊದಲು ಇರಿಸಿದ್ದು ಸೂತ್ರಧಾರನ ಕೈಪಿಡಿಯಲ್ಲಿ. ಕೊಡುವುದು ಬಿಡುವುದು ಅವನ ವಿವೇಚನೆಗೆ ಸೇರಿದ ವಿಷಯವಾಗಿತ್ತು. ಆದರೆ ಪುಸ್ತಕದ ಮೇಲೆ ಪುಸ್ತಕ ಬಂದು ವರ್ಗಗಳು ರಾಶಿ ಬಿದ್ದವು. ಆಟಗಾರ ಮೊದಲನೆಯ ಮಟ್ಟದಲ್ಲೇ ಅರ್ಹತೆಯ ಲೆಕ್ಕ ಹಾಕಿ, ಪ್ರಾವಿಡೆಂಟ್ ಫಂಡಿನ ಕಂತಿನಂತೆ ಅಂಕ ಕೂಡಿಡತೊಡಗಿದ. ಸಾಹಸದ ಫಲವಾಗಬೇಕಿದ್ದ ಪದವಿ ಪರೀಕ್ಷೆಯ ಸಿಲಬಸ್ ಆಯಿತು. ಇಲಾಖಾ ಪರೀಕ್ಷೆಗೆ ಗೈಡು ಉರುಹೊಡೆದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕೆ?

2008ರ ನಾಲ್ಕನೆಯ ಆವೃತ್ತಿ ಬೇರೆ ದಾರಿ ಹಿಡಿಯಿತು. ಹನ್ನೊಂದನೆಯ ಮಟ್ಟ ಮುಟ್ಟಿದವರೆಲ್ಲರಿಗೂ ಒಂದು ವಿಶೇಷ ಮಾರ್ಗ, ಇಪ್ಪತ್ತೊಂದಕ್ಕೆ ಇನ್ನೊಂದು. 2014ರ ಐದನೆಯ ಆವೃತ್ತಿ ವರ್ಗದೊಳಗೇ ಉಪವರ್ಗಗಳನ್ನಿಟ್ಟು, ಮೂರನೆಯ ಮಟ್ಟದೊಳಗೇ ಆಯ್ದುಕೊಳ್ಳಿರೆಂದಿತು. 2024ರ ಪರಿಷ್ಕರಣೆ ಎಲ್ಲ ವರ್ಗಗಳಿಗೂ ಮೂರನೆಯ ಮಟ್ಟವನ್ನೇ ಗೊತ್ತುಮಾಡಿತು.

ಹುಟ್ಟು, ಗಳಿಕೆ, ಆಯ್ಕೆ – ಐವತ್ತು ವರ್ಷದಲ್ಲಿ ಆಟ ನಡೆದ ದಾರಿ ಇದು. ಕೊನೆಯದು ಎಲ್ಲಕ್ಕಿಂತ ನ್ಯಾಯವಾದದ್ದೆಂದು ನಾವೂ ಒಪ್ಪುತ್ತೇವೆ. ಆದರೂ ಮೂರು ವಿದ್ಯೆ ಕಲಿತು ಹಾಡಲು ನಿಂತ ಆ ಹಳೆಯ ಗಾಯಕನ ಮೇಲೆ ನಮಗೊಂದು ಮಮತೆ. ಎಲ್ಲರಿಗೂ ಬಾಗಿಲು ತೆರೆದಿರಬೇಕು ನಿಜ. ಬಾಗಿಲವರೆಗೆ ನಡೆದು ಬರುವ ಹಾದಿಯೂ ಒಂದಿಷ್ಟು ಉಳಿದಿರಬೇಕಲ್ಲವೆ? ನಿಮ್ಮ ಮನೆಯ ಮಕ್ಕಳು ಈ ಆಟ ಆಡುವವರಾದರೆ ಅವರನ್ನೇ ಕೇಳಿ ನೋಡಿ.