ನಿಂತ ಕಾರಿನ ಆರೈಕೆ: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆ

ಓಡಿಸದ ಕಾರನ್ನು ಕೆಲವು ವಾರಗಳಿಂದ ಹಿಡಿದು ಆರೇಳು ತಿಂಗಳವರೆಗೆ ಕೆಡದಂತೆ ನಿಲ್ಲಿಸಿಡುವ ಕ್ರಮ. ಹಿಮ ಬೀಳುವ ದೇಶಗಳಲ್ಲಿ ಇದು ಚಳಿಗಾಲದ ಕೆಲಸ. ರಸ್ತೆಯ ಹಿಮ ಕರಗಿಸಲು ಚೆಲ್ಲುವ ಉಪ್ಪು ಕಾರಿನ ತಳದ ಕಬ್ಬಿಣವನ್ನು ತಿನ್ನುವುದರಿಂದ ಅಲ್ಲಿನವರು ಹಳೆಯ ಕಾರನ್ನೋ ಎರಡನೆಯ ಕಾರನ್ನೋ ಹಿಮ ಬೀಳುವ ಮೊದಲೇ ಒಳಗಿಟ್ಟು, ವಸಂತದಲ್ಲಿ ಹೊರಗೆ ತೆಗೆಯುತ್ತಾರೆ. ತುಮಕೂರು ಜಿಲ್ಲೆಯ ತೆಂಗಿನ ಸೀಮೆಗೆ ಈ ಲೆಕ್ಕ ಹೊಂದುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಬಯಲಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಇಬ್ಬನಿ ಸುರಿಯುತ್ತದೆ, ಕಂಬಳಿ ಬೇಕಾಗುತ್ತದೆ. ಎಂಜಿನ್ನಿಗೆ ಅದು ಚಳಿಯೇ ಅಲ್ಲ. ಇಲ್ಲಿ ನಿಂತ ಕಾರನ್ನು ಕೆಡಿಸುವುದು ಮಳೆಗಾಲದ ತೇವ, ಇಲಿ, ಮತ್ತು ತಲೆಯ ಮೇಲಿನ ತೆಂಗಿನ ಮರ.

ಈ ಸೀಮೆಯಲ್ಲಿ ಕಾರು ತಿಂಗಳುಗಟ್ಟಲೆ ನಿಲ್ಲುವುದಕ್ಕೆ ದೊಡ್ಡ ಕಾರಣ ಮಕ್ಕಳು. ಅಮೆರಿಕದಲ್ಲಿರುವ ಮಗ ಮಗಳ ಮನೆಗೆ ಹೋಗುವ ತಂದೆತಾಯಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅನುಮತಿ ಸಿಗುತ್ತದೆ. ಅಲ್ಲಿನ ಹಿಮ ತಪ್ಪಿಸಿಕೊಳ್ಳಬೇಕೆಂದು ಅವರು ಏಪ್ರಿಲ್–ಮೇ ಹೊತ್ತಿಗೆ ಹೊರಟು ದಸರಾ–ದೀಪಾವಳಿಯ ಆಸುಪಾಸಿಗೆ ಮರಳುತ್ತಾರೆ. ಹೀಗೆ ಅಮೆರಿಕದ ಚಳಿಗೆ ಹೆದರಿ ಹಾಕಿಕೊಂಡ ಲೆಕ್ಕದಿಂದಾಗಿ ಊರಿನ ಕಾರು ಮುಂಗಾರು ಪೂರ್ವದ ಗುಡುಗು ಮಳೆಯಿಂದ ಹಿಂಗಾರಿನವರೆಗೂ ಒಂದೇ ಕಡೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದು, ಸುಮಾರು 140 ಕಿ.ಮೀ. ದೂರದ ತಿಪಟೂರಿಗೆ ರೈಲಿನಲ್ಲಿ ಬಂದು, ಹಬ್ಬಕ್ಕೂ ಕಾಯಿ ಕೀಳಿಸುವುದಕ್ಕೂ ಮಾತ್ರ ಊರಿನ ಕಾರು ಮುಟ್ಟುವವರದು ಇನ್ನೊಂದು ಗುಂಪು. 2020ರ ಮಾರ್ಚ್ 25ರಿಂದ ಶುರುವಾದ ಲಾಕ್‌ಡೌನ್, ನಿಂತ ಕಾರು ಕೆಡುತ್ತದೆ ಎಂಬ ಪಾಠವನ್ನು ಬೇಡವೆಂದವರಿಗೂ ಕಲಿಸಿತು. ಸೆಲ್ಫ್ ಹೊಡೆದರೂ ಏಳದ ಕಾರು ಆಗ ಬೀದಿಬೀದಿಯಲ್ಲಿತ್ತು.

ಜಾಗ

ನಿಲ್ಲಿಸುವ ಜಾಗದ ವಿಚಾರದಲ್ಲಿ ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಯಾಕೆಂದರೆ ವರ್ಷಗಟ್ಟಲೆ ಒಂದು ವಸ್ತುವನ್ನು ಕೆಡದಂತೆ ಇಡುವುದೇ ಇಲ್ಲಿನ ಕಸುಬು. ತಿಪಟೂರಿನ ಉಂಡೆ ಕೊಬ್ಬರಿಗಾಗಿ ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನುವವರೆಗೆ ಕಾಯಬೇಕು. ಅಟ್ಟಕ್ಕೆ ಹಾಸುವ ದಬ್ಬೆಗಳ ನಡುವೆ ಸಂದು ಬಿಡುವುದು ಗಾಳಿಗಾಗಿ. ನೆಲದ ತೇವ ತಾಕಬಾರದು, ಮಾಡು ಸೋರಬಾರದು, ಗಾಳಿ ನಿಲ್ಲಬಾರದು. ಕಾರಿಗೂ ಇವೇ ಮೂರು ಸಾಕು. ಹಾಗಾಗಿ ಅಟ್ಟದ ಕೆಳಗಿನ ಸಿಮೆಂಟ್ ನೆಲ ಕಾರಿಗೆ ಒಳ್ಳೆಯ ತಾವು. ಆದರೆ ಅಲ್ಲೊಂದು ತೊಡಕಿದೆ: ಕೊಬ್ಬರಿ ಇದ್ದಲ್ಲಿ ಇಲಿ ಇರುತ್ತದೆ. ಸಿಪ್ಪೆ, ಸೋಗೆ, ನಾರು ರಾಶಿ ಹಾಕಿದ ಮೂಲೆಯಂತೂ ಬೇಡ. ಒಂದು ಕಿಡಿ ಸಾಕು, ಎಲ್ಲವೂ ಹೊತ್ತಿಕೊಳ್ಳುತ್ತದೆ.

ತೋಟದಲ್ಲಿ ಮರದ ಕೆಳಗೆ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಆರೋಗ್ಯವಾದ ಒಂದು ತೆಂಗು ತಿಂಗಳಿಗೆ ಹೆಚ್ಚುಕಡಿಮೆ ಒಂದು ಗರಿಯನ್ನು ಕಳಚುತ್ತದೆ. ನಾಲ್ಕೈದು ಮೀಟರ್ ಉದ್ದದ ಆ ಗರಿ ಬುಡದ ಎಡೆಮಟ್ಟೆಯ ಭಾರದಿಂದ ಬೀಳುವಾಗ ಮುಂದಿನ ಗಾಜು ಉಳಿಯುವುದಿಲ್ಲ. ಬಲಿತ ಕಾಯಿ ಬಿದ್ದರೆ ಬಾನೆಟ್ಟಿನ ತಗಡು ತಗ್ಗಾಗುತ್ತದೆ. ಏಪ್ರಿಲ್–ಮೇ ಗಾಳಿಮಳೆಯಲ್ಲಿ ಮರವೇ ಉರುಳಬಹುದು, ಸಿಡಿಲಿಗೂ ಅದೇ ಗುರಿ. ಇತ್ತೀಚೆಗೆ ಇದಕ್ಕೆ ಇನ್ನೊಂದು ಕಾಟ ಸೇರಿದೆ. 2016ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಸುರುಳಿ ಬಿಳಿನೊಣ ತೆಂಗಿನ ಗರಿಯ ಅಡಿಯಲ್ಲಿ ಕೂತು ರಸ ಹೀರಿ ಅಂಟಾದ ಸಿಹಿದ್ರವವನ್ನು ಉದುರಿಸುತ್ತದೆ. ಅದರ ಮೇಲೆ ಮಸಿಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಕೆಳಗೆ ನಿಂತ ಕಾರಿನ ಬಣ್ಣದ ಮೇಲೆ ಇದು ಕೂತರೆ ಒಣಬಟ್ಟೆಯಲ್ಲಿ ಉಜ್ಜಬಾರದು. ಸೀಮೆಯ ಕೆಮ್ಮಣ್ಣಿನ ಧೂಳೂ ಜೊತೆಗಿದ್ದು ಗೀರು ಬೀಳುತ್ತದೆ. ಮೊದಲು ನೀರು ಹರಿಸಿ ನೆನೆಸಬೇಕು.

ರಾಗಿ ಒಣಗಿಸುವ ಟಾರ್ಪಾಲನ್ನೇ ಕಾರಿಗೆ ಬಿಗಿಯಾಗಿ ಸುತ್ತುವುದು ಹಳ್ಳಿಯಲ್ಲಿ ಸಾಮಾನ್ಯ. ಪ್ಲಾಸ್ಟಿಕ್ಕಿನ ಒಳಗೆ ತೇವ ಸಿಕ್ಕಿಕೊಂಡು ಬಣ್ಣ ಗುಳ್ಳೆ ಏಳುತ್ತದೆ. ಮಾಡಿನ ಕೆಳಗಿದ್ದರೆ ಹಳೆಯ ಹತ್ತಿ ಸೀರೆಗಳನ್ನು ಹೊಲಿದು ಹೊದಿಸುವುದೇ ಮೇಲು.

ಇಲಿ

ಉಳಿದೆಲ್ಲ ತೊಂದರೆಗೂ ಅಂಗಡಿಯಲ್ಲಿ ಪರಿಹಾರವಿದೆ, ಇಲಿಗೆ ಮಾತ್ರ ಪೂರ್ತಿ ಪರಿಹಾರವಿಲ್ಲ. ಇಲಿಯ ಮುಂಬಲ್ಲು ಬದುಕಿರುವವರೆಗೂ ಬೆಳೆಯುತ್ತದೆ. ಸವೆಸಲು ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ಬಾನೆಟ್ಟಿನ ಕೆಳಗಿನ ವೈರು, ರಬ್ಬರ್ ಪೈಪು, ಸದ್ದು ತಡೆಯುವ ಹೊದಿಕೆ ಅದಕ್ಕೆ ಸಿಗುತ್ತವೆ. ಹೊದಿಕೆಯನ್ನು ಹರಿದು ಎ.ಸಿ. ಗಾಳಿ ಒಳಹೋಗುವ ದಾರಿಯಲ್ಲಿ ಗೂಡು ಕಟ್ಟುತ್ತದೆ. ಚಳಿಗಾಲಕ್ಕೆ ಈ ಸೀಮೆಯಲ್ಲಿ ಏನಾದರೂ ಅರ್ಥವಿದ್ದರೆ ಅದು ಇಲ್ಲಿ: ನವೆಂಬರ್–ಡಿಸೆಂಬರಿನಲ್ಲಿ ರಾಗಿ ಕೊಯ್ಲಾಗಿ ಹೊಲ ಬರಿದಾದಾಗ ಹೊಲದ ಇಲಿ ಬಣವೆಗೂ ಮನೆಗೂ ಬರುತ್ತದೆ. ಬಣವೆಯ ಮಗ್ಗುಲಲ್ಲಿ ಕಾರು ನಿಂತಿದ್ದರೆ ಕೇಳುವುದೇ ಬೇಡ.

ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಡ್ಡಿ ಕಟ್ಟುವುದು, ನುಸಿಗುಳಿಗೆ ಇಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ವಾಸನೆ ಇರುವಷ್ಟು ದಿನ ಒಂದಿಷ್ಟು ಕೆಲಸ ಮಾಡಬಹುದು, ಆರು ತಿಂಗಳು ಹೋಗುವವರು ಇದನ್ನು ನಂಬಿಕೊಳ್ಳುವಂತಿಲ್ಲ. ಕೆಳಗಿನಿಂದ ಸಣ್ಣ ಕಣ್ಣಿನ ತಂತಿಬಲೆ ಕಟ್ಟಿಸುವುದು, ಸುತ್ತ ಬೋನು ಇಡುವುದು, ಕಾರಿನೊಳಗೆ ಒಂದು ಬಿಸ್ಕತ್ತಿನ ಪುಡಿಯೂ ಉಳಿಯದಂತೆ ಗುಡಿಸುವುದು ಹೆಚ್ಚು ಗಟ್ಟಿ. ಪಾಷಾಣ ಬೇಡ, ತಿಂದ ಇಲಿ ಡ್ಯಾಶ್‌ಬೋರ್ಡಿನ ಹಿಂದೆ ಸತ್ತರೆ ಅದನ್ನು ಹೊರಗೆಳೆಯುವಷ್ಟರಲ್ಲಿ ಅರ್ಧ ಕಾರು ಬಿಚ್ಚಬೇಕಾಗುತ್ತದೆ. ವಾರಕ್ಕೊಮ್ಮೆ ಯಾರಾದರೂ ಬಾನೆಟ್ ಎತ್ತಿ ನೋಡಿದರೆ ಅದಕ್ಕಿಂತ ದೊಡ್ಡ ಕಾವಲಿಲ್ಲ. ಕಾಯಿ ನೋಡಿಕೊಳ್ಳುವವರೇ ಇದನ್ನೂ ನೋಡಬಹುದು.

ಬ್ಯಾಟರಿ, ಇಂಧನ, ಟೈರು

ಆಫ್ ಮಾಡಿದ ಕಾರೂ ಬೀಗ, ಅಲಾರಂ, ಗಡಿಯಾರ, ಕಂಪ್ಯೂಟರಿಗಾಗಿ ಸಣ್ಣ ಕರೆಂಟು ಎಳೆಯುತ್ತಲೇ ಇರುತ್ತದೆ. ಅದು 50 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್-ಅವರ್. ಚಿಕ್ಕ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಒಂದು ತಿಂಗಳಲ್ಲಿ ಬರಿದು. ಸೆಲ್ಫ್ ಎತ್ತದಷ್ಟು ಇಳಿಯಲು ಅಷ್ಟು ದಿನವೂ ಬೇಡ. ಪೂರ್ತಿ ಚಾರ್ಜ್ ಆದ ಬ್ಯಾಟರಿ ನಿಂತಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಇಳಿದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಚಾರ್ಜ್ ಹಿಡಿಯದು. ಮೂರು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ನೆಗೆಟಿವ್ ಟರ್ಮಿನಲ್ ಬಿಚ್ಚಿಡುವುದು ವಾಸಿ. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವ ರೂಢಿ ಮನಸ್ಸಿಗೆ ಸಮಾಧಾನ ಕೊಡುತ್ತದೆ, ಬ್ಯಾಟರಿಗೆ ಕೊಡುವುದಿಲ್ಲ: ಸೆಲ್ಫ್ ಹೊಡೆದಾಗ ಹೋದದ್ದು ಅಷ್ಟರಲ್ಲಿ ತುಂಬುವುದಿಲ್ಲ, ಸೈಲೆನ್ಸರಿನಲ್ಲಿ ನೀರು ಮಾತ್ರ ಉಳಿಯುತ್ತದೆ. ಓಡಿಸುವುದಾದರೆ ಬಿ.ಎಚ್. ರಸ್ತೆಯಂಥ ಹೆದ್ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿ ಬರಬೇಕು.

ಪೆಟ್ರೋಲಿನ ಸ್ವಭಾವವೂ ಬದಲಾಗಿದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಟ್ಯಾಂಕು ಹೆಚ್ಚುಕಡಿಮೆ ತುಂಬಿದ್ದರೆ ತೇವದ ಗಾಳಿಗೆ ಜಾಗವಿರುವುದಿಲ್ಲ.

ಟೈರಿಗೆ ಮಾಮೂಲಿಗಿಂತ ನಾಲ್ಕೈದು ಪಿಎಸ್ಐ ಹೆಚ್ಚು ಗಾಳಿ ಹಿಡಿಸಿ, ನೋಡಿಕೊಳ್ಳುವವರಿಂದ ತಿಂಗಳಿಗೊಮ್ಮೆ ಅರ್ಧ ಸುತ್ತು ತಳ್ಳಿಸಿದರೆ ಒಂದೇ ಕಡೆ ಚಪ್ಪಟೆಯಾಗುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಮಳೆಗಾಲದಲ್ಲಿ ಬ್ರೇಕು ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಸಾಕು. ಅಂಬಾಸಡರ್ ಕಾಲದವರು ಕಾರನ್ನು ಜಾಕಿನಿಂದ ಎತ್ತಿ ಕಲ್ಲುಗಳ ಮೇಲೆ ಕೂರಿಸುತ್ತಿದ್ದರು. ಆರು ತಿಂಗಳ ಮಟ್ಟಿಗೆ ಅಷ್ಟೆಲ್ಲ ಬೇಕಿಲ್ಲ. ವಿದ್ಯುತ್ ಕಾರನ್ನು ಪೂರ್ತಿ ಚಾರ್ಜ್ ಮಾಡಿಯೂ ಇಡಬಾರದು, ಬರಿದಾಗಿಯೂ ಇಡಬಾರದು; ಅರ್ಧದ ಆಸುಪಾಸು ಸರಿ.

ಕಾಗದಪತ್ರ

ಕರ್ನಾಟಕದಲ್ಲಿ ಸ್ವಂತ ಕಾರಿಗೆ ನೋಂದಣಿಯ ಹೊತ್ತಿಗೇ ಜೀವಾವಧಿ ತೆರಿಗೆ ಕಟ್ಟಿರುವುದರಿಂದ, ನಿಲ್ಲಿಸಿದ ತಿಂಗಳುಗಳಿಗೆ ತೆರಿಗೆ ವಾಪಸು ಕೇಳುವ ಪ್ರಶ್ನೆಯಿಲ್ಲ. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುವ ಬಾಡಿಗೆ ವಾಹನಗಳಿಗೆ ವಿನಾಯಿತಿ ಬೇಕಾದರೆ ಮೊದಲೇ ಸಾರಿಗೆ ಕಚೇರಿಗೆ ತಿಳಿಸಬೇಕು. ಗಾಡಿ ನಿಂತಿದೆಯಲ್ಲ ಎಂದು ವಿಮೆ ಬಿಡುವುದು ದುಬಾರಿ ಉಳಿತಾಯ. ಅವಧಿ ಮುಗಿದು 90 ದಿನ ದಾಟಿದರೆ ವರ್ಷಗಳಿಂದ ಕೂಡಿಬಂದ ನೋ ಕ್ಲೇಮ್ ಬೋನಸ್ ಹೋಗುತ್ತದೆ, ಹೊಸ ಪಾಲಿಸಿಗೆ ಮೊದಲು ಗಾಡಿ ತಪಾಸಣೆಯಾಗಬೇಕಾಗುತ್ತದೆ. ಗರಿ ಬಿದ್ದು ಗಾಜು ಒಡೆದರೆ ಥರ್ಡ್ ಪಾರ್ಟಿ ಪಾಲಿಸಿಯಿಂದ ಒಂದು ರೂಪಾಯಿಯೂ ಸಿಗದು. ಅದಕ್ಕೆ ಸ್ವಂತ ಹಾನಿಯ ಭಾಗವೂ ಇರಬೇಕು. ಇಲಿ ಕಡಿತಕ್ಕೆ ಪರಿಹಾರ ಸಿಗುವುದೇ ಎಂಬುದನ್ನು ಹೊರಡುವ ಮುಂಚೆಯೇ ಪಾಲಿಸಿ ಓದಿ ತಿಳಿದುಕೊಳ್ಳುವುದು ಒಳಿತು.

ಮತ್ತೆ ಹೊರತೆಗೆಯುವಾಗ

ಮೊದಲು ಬಾನೆಟ್ ಎತ್ತಿ ಗೂಡು, ಕಡಿದ ವೈರು ಇದೆಯೇ ನೋಡಬೇಕು. ನೋಡದೆ ಸೆಲ್ಫ್ ಹೊಡೆದರೆ ಶಾರ್ಟ್ ಆಗಬಹುದು, ಫ್ಯಾನಿಗೆ ಗೂಡು ಸಿಕ್ಕಿಕೊಳ್ಳಬಹುದು. ಆಯಿಲ್, ಕೂಲೆಂಟ್, ಬ್ರೇಕ್ ಎಣ್ಣೆಯ ಮಟ್ಟ, ಆಮೇಲೆ ನೆಲದ ಮೇಲೆ ಸೋರಿದ ಗುರುತು. ಟೈರಿನ ಹೆಚ್ಚುವರಿ ಗಾಳಿ ಇಳಿಸಬೇಕು. ಬ್ರೇಕ್ ಡಿಸ್ಕಿನ ಮೇಲಿನ ತೆಳು ತುಕ್ಕು ಮೊದಲ ಕೆಲವು ಸಲ ಬ್ರೇಕ್ ಒತ್ತಿದಾಗ ಕರಕರ ಎಂದು ಹೋಗುತ್ತದೆ. ಎ.ಸಿ. ಹಾಕುವ ಮುನ್ನ ಒಳಗಿನ ಫಿಲ್ಟರ್ ತೆಗೆದು ನೋಡಿ, ನಾಲ್ಕೂ ಗಾಜು ಇಳಿಸಿಕೊಂಡೇ ಹೊರಡಬೇಕು. ಎಮಿಷನ್ ಸರ್ಟಿಫಿಕೇಟಿನ ಅವಧಿ ಅಷ್ಟರಲ್ಲಿ ಮುಗಿದಿದ್ದರೆ ಮೊದಲ ಓಟ ಪರೀಕ್ಷಾ ಕೇಂದ್ರಕ್ಕೇ.